ಕೆಳಗಿನ ಬುಟ್ಟಿ

ಚಳಿಗಾಲದ ನಾಲ್ಕು ತಿಂಗಳು ಮೀನು ಅಳೆಯುವ ಕೆಲಸ ಸಿಕ್ಕಿದೆ ಎಂದಾಗ ನನ್ನವರು, "ಮನೇಲಿ ನನ್ನನ್ನ ಅಳೆದಿದ್ದು ಸಾಕಾಗಲಿಲ್ವಾ?" ಎಂದು ನಕ್ಕಿದ್ದರು. ಅವರು ಐಸ್ ಕಾರ್ಖಾನೆಗೆ ಹೊರಟ ಮೇಲೆ ಪಾತ್ರೆ ತೊಳೆದು, ಮಗಳನ್ನು ಸ್ಕೂಲಿಗೆ ಬಿಟ್ಟು ನಾನು ಜೆಟ್ಟಿಗೆ ಹೋಗುತ್ತಿದ್ದೆ. ದೋಣಿ ಬಂದ ಕೂಡಲೇ ಒಂದು ಬುಟ್ಟಿ ಬಂಗಡೆ ಇಸಿದುಕೊಂಡು, ಒಂದೊಂದನ್ನೇ ಅಳತೆ ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲದವರೆಗೆ ಎಷ್ಟು ಸೆಂಟಿಮೀಟರ್ ಎಂದು ಹಾಳೆಯಲ್ಲಿ ಬರೆಯಬೇಕು. ದಿನಕ್ಕೆ ಐವತ್ತು ಮೀನು. ಕೈಗವಸು ಹಾಕಿದರೆ ಪೆನ್ಸಿಲ್ ಹಿಡಿಯಲು ಬಾರದು, ತೆಗೆದರೆ ಐಸಿನಲ್ಲಿಟ್ಟ ಮೀನು ಮುಟ್ಟಿ ಮುಟ್ಟಿ ಬೆರಳುಗಳು ಇವೆಯೋ ಇಲ್ಲವೋ ಎಂದೇ ತಿಳಿಯದು. ಬಲಗೈ ಗವಸಿನ ಮೂರು ಬೆರಳಿನ ತುದಿ ಕತ್ತರಿಸಿ ಅದಕ್ಕೊಂದು ದಾರಿ ಮಾಡಿಕೊಂಡಿದ್ದೆ.

ಕೆಲಸ ಸಣ್ಣದು, ಆದರೆ ಅದರ ಮೇಲೆ ನಿಂತಿದ್ದ ಮಾತು ಸಣ್ಣದಲ್ಲ. ಬಲೆಗೆ ಮರಿಗಳೇ ಹೆಚ್ಚು ಬೀಳುತ್ತಿದ್ದರೆ ಕೊಲ್ಲಿಯಲ್ಲಿ ಕೆಲವು ವಾರ ಮೀನು ಹಿಡಿಯುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಮೊಟ್ಟೆ ಇಡುವಷ್ಟು ದೊಡ್ಡ ಮೀನೇ ಉಳಿಯುವುದಿಲ್ಲ. ನಿಲ್ಲಿಸಬೇಕೋ ಬೇಡವೋ ಎಂದು ನಮ್ಮಂಥವರ ಹಾಳೆಗಳನ್ನು ನೋಡಿ ಮೀನುಗಾರಿಕೆ ಆಫೀಸು ಹೇಳುತ್ತಿತ್ತು.

ನಮ್ಮ ಜೆಟ್ಟಿಗೆ ಬಂಗಡೆ ತರುತ್ತಿದ್ದದ್ದು ಒಂದೇ ದೋಣಿ, ನನ್ನವರ ಅಣ್ಣನದು. ಭಾವ ದಿನಾ ತಾವೇ ಬುಟ್ಟಿ ಹೊತ್ತು ತಂದು ನನ್ನ ಮುಂದೆ ಇಳಿಸುತ್ತಿದ್ದರು.

"ತಗೋಮ್ಮ, ನಿನ್ನ ಮಕ್ಕಳು ಬಂದ್ರು. ಹೇಗಿದ್ದಾರೆ?"

"ಅತ್ತೆ ಮನೇಲಿ ಉಂಡು ಬಂದ ಅಳಿಯಂದಿರ ಹಾಗಿದ್ದಾರೆ ಭಾವ."

ಅವರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ನಾನು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಡುತ್ತಿದ್ದೆ. ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ನಾಲ್ಕೂವರೆ. ಆಫೀಸಿನ ಮೇಡಂ, ನನಗಿಂತ ಹತ್ತು ವರ್ಷ ಚಿಕ್ಕವಳು, ಫೋನಿನಲ್ಲಿ "ನಿಮ್ಮ ಕಡೆ ಮೀನು ತುಂಬಾ ಚೆನ್ನಾಗಿದೆ" ಎಂದಾಗ ಅವನ್ನೆಲ್ಲ ನಾನೇ ತುತ್ತಿಟ್ಟು ಬೆಳೆಸಿದಷ್ಟು ಹಿಗ್ಗಿದ್ದೆ.

ಐದು ವಾರ ಹೀಗೇ ಹೋಯಿತು. ಒಂದು ಭಾನುವಾರ ಮಗಳಿಗೆ ಬಟ್ಟೆ ಕಪಾಟು ಜೋಡಿಸಲು ಹೇಳಿ, ಒಗೆದ ಬೆಡ್‌ಶೀಟ್ ಹಿಂಡುತ್ತಿದ್ದೆ.

"ಆಯ್ತಮ್ಮಾ, ಬಂದು ನೋಡು!"

ನೋಡಿದರೆ ಅಂಗಡಿಯ ಹಾಗೆ ಮಡಿಕೆ ಮೇಲೆ ಮಡಿಕೆ. ಮೆಚ್ಚಿ, ಕೆಳಗಿನ ಸಾಲಿನಿಂದ ಒಂದು ಸ್ವೆಟರ್ ಎಳೆದೆ. ಒಂಟಿ ಕಾಲುಚೀಲ, ಮಣ್ಣಾದ ಲಂಗ, ಅರ್ಧ ಕಚ್ಚಿದ ಬಿಸ್ಕತ್ತು, ಎಲ್ಲವೂ ದಬದಬನೆ ನನ್ನ ಕಾಲ ಮೇಲೆ ಬಿದ್ದವು.

"ನಿನಗ್ಯಾರು ಕೆಳಗಿಂದ ಎಳೆಯೋಕೆ ಹೇಳಿದ್ದು? ಮೇಲಿಂದ ನೋಡಬೇಕಿತ್ತು!" ಎಂದು ನನಗೇ ಗದರಿದಳು.

ನಗುತ್ತಲೇ ಕೂತು ಮಡಿಸತೊಡಗಿದೆ. ಅರ್ಧಕ್ಕೆ ಕೈ ನಿಂತಿತು. ಐದು ವಾರದಲ್ಲಿ ಇಪ್ಪತ್ತೆರಡಕ್ಕಿಂತ ಕಡಿಮೆಯ ಒಂದೇ ಒಂದು ಮೀನು ನನ್ನ ಹಲಗೆಗೆ ಬಂದಿರಲಿಲ್ಲ. ಮೊನ್ನೆ ನನ್ನವರು ಕಾರ್ಖಾನೆಯಿಂದ ತಂದದ್ದು ಅದೇ ದೋಣಿಯ ಮೀನು. ನಾಲ್ಕು ಬಂಗಡೆ ಹಿಡಿಸುವ ಬಾಣಲೆಯಲ್ಲಿ ಹತ್ತು ಆರಾಮವಾಗಿ ಮಲಗಿದ್ದವು. ಹುರಿದವಳೂ ನಾನೇ.

ಭಾವ ಮೋಸಗಾರರಲ್ಲ. ಮನೆಯ ಹೆಣ್ಣುಮಗಳು ಅಳೆಯಲು ಬಂದಿದ್ದಾಳೆ, ಒಳ್ಳೆಯದನ್ನೇ ಆರಿಸಿ ಕೊಡೋಣ ಎಂದುಕೊಂಡಿದ್ದಾರೆ. ನೆಂಟರು ಬಂದರೆ ನಾನು ಸೊಟ್ಟಗಾದ ತಟ್ಟೆ ಇಡುತ್ತೇನೆಯೇ?

ಸೋಮವಾರ ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು.

"ಆ ಹಾಳೆಗಳು ಈಗ ಉಪಯೋಗಕ್ಕೆ ಬರಲ್ಲ. ಆರಿಸದೇ ಇರೋ ಬುಟ್ಟಿ ಸಿಕ್ಕರೆ ಮುಂದುವರಿಸಿ. ಸಿಗದಿದ್ದರೆ ನಿಮ್ಮ ಜೆಟ್ಟಿಯನ್ನೇ ಲೆಕ್ಕದಿಂದ ಬಿಡಬೇಕಾಗುತ್ತೆ."

ಜೆಟ್ಟಿ ಬಿಟ್ಟರೆ ನನ್ನ ಕೆಲಸವೂ ಹೋಯಿತು. ಫೋನಿಟ್ಟು ನೇರ ಅಲ್ಲಿಗೇ ಹೋದೆ.

"ಭಾವ, ಇವತ್ತು ಆರಿಸಬೇಡಿ. ಕೆಳಗಿಂದ ಯಾವುದಾದರೂ ಒಂದು ಬುಟ್ಟಿ ಕೊಡಿ."

ಅವರ ನಗು ಇಳಿಯಿತು. "ಯಾಕೆ, ನಾನು ಕಣ್ಣಿಗೆ ಮಣ್ಣೆರಚಿದೆ ಅಂತಾನಾ?"

"ಅಯ್ಯೋ, ಹಾಗಲ್ಲ."

"ಮತ್ತೆ ಹೇಗೆ? ಊರಿಗೆಲ್ಲ ನನ್ನ ದೋಣೀಲಿ ಪುಡಿಮೀನು ಅಂತ ಬರೆದು ಕಳಿಸು. ನನ್ನ ಬಲೆ ಗೂಟಕ್ಕೆ ನೇತು ಹಾಕಿಸು. ಮನೆಯವಳು ಅಂತ ನೋಡಿದ್ದಕ್ಕೆ ಇದಾ?"

ಅವತ್ತು ಬುಟ್ಟಿ ಬರಲಿಲ್ಲ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಇಲ್ಲ. ಖಾಲಿ ಹಲಗೆ ತೊಡೆಯ ಮೇಲಿಟ್ಟುಕೊಂಡು ಗಾಳಿಗೆ ಮುಖ ಒಡ್ಡಿ ಕೂತೆ. ಹೊರಡುವ ಮುಂಚೆ ಎಂದಿನಂತೆ ಚಹಾ ಬಗ್ಗಿಸಿ, ದೋಣಿ ಕಟ್ಟುವ ಕಂಬದ ಮೇಲಿಟ್ಟು ದೂರ ಸರಿಯುತ್ತಿದ್ದೆ. ಭಾವ ನನ್ನ ಕಡೆ ನೋಡದೆ ಬಂದು ಕುಡಿದು, ಮುಚ್ಚಳ ಬೋರಲು ಹಾಕಿ ಹೋಗುತ್ತಿದ್ದರು.

"ನಾನು ಅಣ್ಣನ ಹತ್ರ ಮಾತಾಡ್ಲಾ?" ಎಂದರು ನನ್ನವರು.

"ಬೇಡ ರೀ. ಚಹಾ ಕುಡೀತಿದ್ದಾರೆ. ಕುಡಿಯೋದು ಬಿಟ್ಟರೆ ಹೇಳ್ತೀನಿ."

ನಾಲ್ಕನೆಯ ದಿನ ಭಾವ ಮುಚ್ಚಳ ತೊಳೆದು ತಂದು ಕೈಗೇ ಕೊಟ್ಟರು.

"ಎಲ್ಲಿ ನಿನ್ನ ಹಲಗೆ?"

ತಾವೇ ದೋಣಿಯ ಹೊಟ್ಟೆಗಿಳಿದು, ತಳದಿಂದ ಒಂದು ಬುಟ್ಟಿ ತಂದು ನನ್ನೆದುರು ಕುಕ್ಕಿ, ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಹದಿನಾರು. ಹದಿನೈದು. ಹದಿನೇಳು. ಮಧ್ಯೆ ಎಲ್ಲೋ ಒಂದು ಇಪ್ಪತ್ತಮೂರು. ಹತ್ತು ಮೀನಾಗುವಷ್ಟರಲ್ಲಿ ಭಾವ ಒಂದೊಂದನ್ನೇ ಎತ್ತಿ ಹಲಗೆಗೆ ಮಲಗಿಸಿ ಕೊಡತೊಡಗಿದರು. ಜೀವಮಾನವೆಲ್ಲ ಬುಟ್ಟಿಗಟ್ಟಲೆ ನೋಡಿದವರು ಈಗ ಒಂದೊಂದರ ಮುಖ ನೋಡುತ್ತಿದ್ದರು.

"ಇವು ಇನ್ನೂ ಮೊಟ್ಟೆ ಇಟ್ಟಿಲ್ಲ, ಅಲ್ವಾ?"

"ಇಲ್ಲ ಭಾವ. ಇಪ್ಪತ್ತಾದರೂ ದಾಟಬೇಕಂತೆ."

"ನನಗೆ ಗೊತ್ತಿರಲಿಲ್ಲ ಅಂತಲ್ಲ," ಎಂದರು ಮೆಲ್ಲಗೆ. "ದೊಡ್ಡದನ್ನ ಮೇಲೆ ಜೋಡಿಸ್ತಾ ಜೋಡಿಸ್ತಾ ನನಗೇ ಸಮಾಧಾನ ಆಗ್ಬಿಡ್ತಿತ್ತು. ಬಂದ್ ಮಾಡ್ತಾರಾ?"

"ಮಾಡಬಹುದು. ಆರು ವಾರ ಅಂತಾರೆ."

"ಬಲೆ ಹೊಲಿಯೋದು ಹೇಗೂ ಇದೆ," ಎಂದು ಇನ್ನೊಂದು ಮೀನು ಮಲಗಿಸಿದರು. "ಹದಿನೈದು, ಬರಕೋ."

ನಾನು ಬಾಗಿ ಗೆರೆ ನೋಡಿದೆ. "ಹದಿನೈದೂವರೆ ಭಾವ."

"ಹಾಗಾದ್ರೆ ಅರ್ಧವನ್ನೂ ಬರಿ," ಎಂದರು. "ಅಷ್ಟಾದ್ರೂ ಬೆಳೆದಿದೆ, ಪಾಪ."