ರಬ್ಬರ್ ಪಿಸ್ತೂಲು

"ಕೆಳಗೆ ಹಾಕು! ಕೆಳಗೆ ಹಾಕೋ!"

ಬೀದಿಯಾಚೆಯಿಂದ ಪೊಲೀಸಿನವನ ಕೂಗು ಬಂದಾಗ ಪಿಸ್ತೂಲು ಹಿಡಿದ ಲಮಾಂಟನ ಕಪ್ಪು ಕೈ, ಚಿತ್ರದ ಸಾಮಾನು ನೋಡಿಕೊಳ್ಳುವ ಮಾರ್ಟಾಳ ಕಡೆಗೆ ಚಾಚಿಕೊಂಡೇ ಇತ್ತು. ಶಾಟ್ ಮುಗಿದ ಕೂಡಲೇ ಅವನು ಪಿಸ್ತೂಲನ್ನು ಅವಳ ಕೈಗೆ ಕೊಡಬೇಕು, ಅವಳು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಕಾಲೇಜಿನ ನಿಯಮ ಅದು. ಅಮೆರಿಕದ ಓಹಾಯೊ ರಾಜ್ಯದ ಆ ಸಣ್ಣ ಊರಿನ ಪೊಲೀಸ್ ಠಾಣೆಗೆ ಅವಳೇ ಹೋಗಿ ತಿಳಿಸಿ ಬಂದಿದ್ದಳು. ಬೀದಿಯ ಎರಡೂ ತುದಿಗೆ ಸಿನಿಮಾ ಚಿತ್ರೀಕರಣವೆಂದು ಫಲಕವನ್ನೂ ನಿಲ್ಲಿಸಿದ್ದಳು. ಯಾವುದೋ ಮಹಡಿಯ ಕಿಟಕಿಗೆ ಫಲಕ ಕಂಡಿರಲಿಲ್ಲ, ಪಿಸ್ತೂಲು ಕಂಡಿತ್ತು; ಅಲ್ಲಿಂದ ಪೊಲೀಸರಿಗೆ ಫೋನ್ ಹೋಗಿತ್ತು.

"ಅದು ರಬ್ಬರು!" ಎಂದು ಮಾರ್ಟಾ ಕೂಗಿದಳು.

ಲಮಾಂಟ್ ಬೆರಳು ಬಿಡಿಸಿದ. ಪಿಸ್ತೂಲು ಕಾಂಕ್ರೀಟಿನ ಮೇಲೆ ಬಿದ್ದು, ಮಕ್ಕಳ ಚೆಂಡಿನ ಹಾಗೆ ಪುಟಿದು, ಚರಂಡಿಯ ಅಂಚಿಗೆ ಹೋಗಿ ನಿಂತಿತು. ಪೊಲೀಸಿನವನು ಅದು ಪುಟಿದದ್ದನ್ನು ನೋಡಿದ. ಅವನಿಗೂ ಇವರಿಗಿಂತ ಹೆಚ್ಚು ವಯಸ್ಸಾಗಿರಲಿಲ್ಲ. ತನ್ನ ಬಂದೂಕನ್ನು ಇಳಿಸಿದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ದೇವ್ರೇ... ನಾನು ಇನ್ನೇನು..." ಎಂದ. ಹತ್ತಿರ ಬಂದು ಲಮಾಂಟನ ಭುಜದ ಮೇಲೆ ಕೈಯಿಟ್ಟ. "ಸಾರಿ ಕಣಪ್ಪ. ನಂಗ್ಯಾರೂ ಹೇಳಿರ್ಲಿಲ್ಲ."

"ಪರವಾಗಿಲ್ಲ ಸರ್," ಎಂದ ಲಮಾಂಟ್. ಪೊಲೀಸ್ ಕಾರು ತಿರುವಿನಲ್ಲಿ ಮರೆಯಾದ ಮೇಲೂ ಇನ್ನೊಮ್ಮೆ, "ಪರವಾಗಿಲ್ಲ ಸರ್," ಎಂದ.

ನಿರ್ದೇಶಕ ಕಾಲಿನ್ ಕ್ಯಾಮೆರಾದ ಹಿಂದೆಯೇ ಅಲ್ಲಾಡದೆ ನಿಂತಿದ್ದ. ಇದು ಅವನು ಪದವಿಗಾಗಿ ಮಾಡುತ್ತಿದ್ದ ಚಿತ್ರ. ಆಕಾಶ ನೋಡಿ, "ಇನ್ನೊಂದೇ ಟೇಕ್. ಬೆಳಕು ಹೋಗ್ತಾ ಇದೆ. ಆಗುತ್ತಲ್ವಾ ಲಮಾಂಟ್?" ಎಂದ.

"ಆಗುತ್ತೆ."

ಲಮಾಂಟ್ ತನ್ನ ಜಾಗಕ್ಕೆ ಹೋಗಿ ನಿಂತು ಪಿಸ್ತೂಲಿಗಾಗಿ ಕೈ ಚಾಚಿದ. ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಮಾರ್ಟಾ ಚರಂಡಿಯಂಚಿನಿಂದ ಪಿಸ್ತೂಲನ್ನು ಎತ್ತಿ, ಒರೆಸಿ, ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು.

"ಕೊಡಲ್ಲ."

"ಯಾಕೆ ಮಾರಾಯ್ತಿ? ಪೊಲೀಸ್ರಿಗೆ ಈಗ ಗೊತ್ತಾಯ್ತಲ್ಲ!" ಎಂದ ಕಾಲಿನ್.

"ಅವನೊಬ್ಬನಿಗೆ ಗೊತ್ತಾಯ್ತು."

"ಸರಿ, ನಾನೇ ಹಿಡ್ಕೋತೀನಿ. ಕೈಯನ್ನಷ್ಟೇ ಹತ್ತಿರದಿಂದ ತೆಗೆದ್ರಾಯ್ತು."

ಲಮಾಂಟ್ ನಕ್ಕ. "ನಿನ್ ಕೈ ನನ್ ಕೈ ಆಗುತ್ತೇನೋ ಕಾಲಿನ್?"

ಕಾಲಿನ್ ತನ್ನ ಬಿಳಿಯ ಕೈಯನ್ನು ನೋಡಿಕೊಂಡ. ಆಮೇಲೆ ಕ್ಯಾಮೆರಾ ಸ್ಟ್ಯಾಂಡಿನ ಕಾಲುಗಳನ್ನು ಮಡಚತೊಡಗಿದ.

ಮಾರ್ಟಾ ಲಮಾಂಟನನ್ನು ಮನೆಗೆ ಬಿಟ್ಟಳು. ಮುಂಬಾಗಿಲಲ್ಲಿ ಅವನ ತಾಯಿ ಚಮಚ ಹಿಡಿದುಕೊಂಡೇ ನಿಂತಿದ್ದಳು.

"ಬಂದ್ರಾ ಹೀರೋ ಸಾಹೇಬ್ರು? ಹೇಗಾಯ್ತು ಶೂಟಿಂಗು?"

"ಚೆನ್ನಾಗಾಯ್ತಮ್ಮ."

"ಒಳಗೆ ಬಾ, ಮೀನು ಆರಿಹೋಗುತ್ತೆ."

ಅವನು ಒಳಗೆ ಹೋಗದೆ ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರಕ್ಕೆ ಬೆರಳು ಹಾಕಿದ. ಗಂಟು ಬಿಚ್ಚಲಾಗಲಿಲ್ಲ. ಮತ್ತೆ ಎಳೆದ. ತಾಯಿ ಸ್ವಲ್ಪ ಹೊತ್ತು ನೋಡಿ, ಚಮಚವನ್ನು ಕೆಳಗಿಟ್ಟು, ಅವನೆದುರು ಮಂಡಿಯೂರಿದಳು. "ಎಷ್ಟು ದೊಡ್ಡೋನಾದ್ರೂ ಅಷ್ಟೇ ನೀನು," ಎಂದು ಗೊಣಗುತ್ತ ದಾರವನ್ನು ಬಿಡಿಸತೊಡಗಿದಳು. ಅವನು ಅವಳ ತಲೆಯ ಮೇಲಿಂದ ಖಾಲಿ ಬೀದಿಯನ್ನೇ ನೋಡುತ್ತಿದ್ದ.