ನೀಲಿ ಪಟ್ಟಿ, ನಾಲ್ಕನೇ ಮಾದರಿ

ಪೀಣ್ಯದ ಸ್ವಿಚ್ ಬೋರ್ಡ್ ಕಾರ್ಖಾನೆಯಲ್ಲಿ ಸ್ಕ್ರೂ ಕೂರಿಸುವ ಚನ್ನಕ್ಕ ತನ್ನ ಮೇಜಿನ ಅಂಚಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದಳು. ಕಣ್ಣು ಮಂಜಾಗುತ್ತಿದ್ದ ಅವಳಿಗೆ ಸ್ಕ್ರೂ ನೆಲಕ್ಕೆ ಬಿದ್ದರೆ ಹುಡುಕುವುದು ಕಷ್ಟ. ಉರುಳಿದ್ದನ್ನು ಟ್ಯೂಬ್ ತಡೆಯುತ್ತಿತ್ತು. ಪಕ್ಕದ ಮೇಜಿನ ಮಹಾನಂದಾಳೂ ಹಾಗೇ ಮಾಡಿಕೊಂಡಿದ್ದಳು. ಅವಳಿಗೆ ಕೆಲಸ ಕಲಿಸಿದ್ದೂ ಚನ್ನಕ್ಕನೇ. ಆ ಉಪಾಯಕ್ಕೊಂದು ಇಂಗ್ಲಿಷ್ ಹೆಸರಿರಲಿಲ್ಲ, ಅದೊಂದೇ ಕೊರತೆ.

ಆಮೇಲೆ ವೈಟ್‌ಫೀಲ್ಡಿನಿಂದ ಸಿದ್ಧಾರ್ಥ್ ಬಂದ. ಕಾರ್ಖಾನೆಗೆ ಹೊಸತನ ಕಲಿಸಲು ಮಾಲೀಕರು ಕರೆಸಿದ ಡಿಸೈನ್ ಥಿಂಕಿಂಗ್ ಪಂಡಿತ. ಬಂದವನೇ ಮೇಜುಗಳ ಈಗಿನ ಸ್ಥಿತಿಯ ಫೋಟೋ ಬೇಕೆಂದ. ಫೋಟೋದಲ್ಲಿ ಗಲೀಜು ಕಾಣಬಾರದಲ್ಲ! ಸೂಪರ್‌ವೈಸರ್ ಅಂಬರೀಶ್ ಟ್ಯೂಬುಗಳನ್ನೆಲ್ಲ ಕೀಳಿಸಿ ಕಸಕ್ಕೆ ಹಾಕಿಸಿದ. ಮಾರನೇ ದಿನದಿಂದ ಸ್ಕ್ರೂಗಳು ಉರುಳತೊಡಗಿದವು. ಸಿದ್ಧಾರ್ಥನಿಗೆ ಖುಷಿಯೋ ಖುಷಿ, ಬಗೆಹರಿಸಲು ಸಮಸ್ಯೆ ಸಿಕ್ಕಿತ್ತು.

"ಟ್ಯೂಬ್ ಹಚ್ಚಿದ್ವಲ್ರಿ ಸರ, ಅದನ್ನ ಕೊಟ್ಬಿಡ್ರಿ," ಎಂದಳು ಮಹಾನಂದಾ.

"ಈಗ್ಲೇ ಸೊಲ್ಯೂಷನ್‌ಗೆ ಹೋಗ್ಬಾರ್ದು ಮೇಡಂ. ಮೊದ್ಲು ಎಂಪತಿ, ನಿಮ್ಮ ಕಷ್ಟ ನಾವು ಫೀಲ್ ಮಾಡ್ಬೇಕು," ಎಂದ ಅವನು.

ಎಂಪತಿ ಎಂದರೆ ಕೆಲಸದವರ ಪಕ್ಕ ಸ್ಟೂಲು ಹಾಕಿಕೊಂಡು ಅರ್ಧ ಗಂಟೆ ಲ್ಯಾಪ್‌ಟಾಪ್ ಕುಟ್ಟುವುದು. ಆಮೇಲೆ ಗೋಡೆ ತುಂಬ ಐಡಿಯಾ ಬರೆದ ಹಳದಿ ಚೀಟಿ. ವಾರಕ್ಕೊಂದು ಮಾದರಿ. ಮೊದಲನೆಯದು ಥರ್ಮಾಕೋಲ್ ತಟ್ಟೆ, ಮಧ್ಯಾಹ್ನಕ್ಕೇ ಮುರಿಯಿತು. ಎರಡನೆಯದರ ಅಯಸ್ಕಾಂತ ಹಿಡಿದ ಸ್ಕ್ರೂಗಳನ್ನು ಬಿಡಲೇ ಇಲ್ಲ. ಮೂರನೆಯದು ಮೊಬೈಲ್ ಆ್ಯಪ್, ಬಿದ್ದ ಸ್ಕ್ರೂಗಳನ್ನು ಎಣಿಸಲು! ಪ್ರತಿ ಸೋಲಿಗೂ ಆಫೀಸಿನಲ್ಲಿ ಕೇಕು ಕತ್ತರಿಸಿದರು; ಬೇಗ ಸೋಲುವುದು ಒಳ್ಳೆಯದಂತೆ. ಸೋತವರು ಅವರಲ್ಲವಲ್ಲ, ತಿನ್ನಲು ಏನು ಕಷ್ಟ?

ಸೋತವಳು ಚನ್ನಕ್ಕ. ಮೂರು ವಾರ ಟಾರ್ಗೆಟ್ ಮುಟ್ಟದವರನ್ನು ಕಾಂಟ್ರಾಕ್ಟರ್ ಇಟ್ಟುಕೊಳ್ಳುವುದಿಲ್ಲ. ಮಹಾನಂದಾ ತಾನು ಮುಗಿಸಿದ ಬೋರ್ಡುಗಳಲ್ಲಿ ಒಂದಿಷ್ಟನ್ನು ದಿನವೂ ಅವಳ ಕಡೆ ಸರಿಸಿದಳು, ಸಾಲಲಿಲ್ಲ. ಮೂರನೇ ಶನಿವಾರ ಅಂಬರೀಶ್ ಚನ್ನಕ್ಕನ ಗುರುತಿನ ಕಾರ್ಡು ವಾಪಸ್ ತೆಗೆದುಕೊಂಡ.

ಸೋಮವಾರ ನಾಲ್ಕನೇ ಮಾದರಿ ಬಂತು. ಮೇಜಿನ ಅಂಚಿಗೆ ಅಂಟಿಸುವ ರಬ್ಬರ್ ಪಟ್ಟಿ. ನೀಲಿ ಬಣ್ಣ, ಮೇಲೆ ಕಂಪನಿಯ ಲಾಂಛನ. ಒಂದು ಸ್ಕ್ರೂವೂ ಬೀಳಲಿಲ್ಲ. ಮಾಲೀಕರು ಚಪ್ಪಾಳೆ ತಟ್ಟಿದರು. ಸಿದ್ಧಾರ್ಥ್ ಮಹಾನಂದಾಳ ಬಾಯಿಗೆ ಮೈಕು ಹಿಡಿದ.

"ಹೇಗನ್ಸ್ತಿದೆ ಮೇಡಂ?"

ಆ ಮುಖಕ್ಕೆ ಉಗಿಯಬೇಕೆನ್ನಿಸಿತು ಅವಳಿಗೆ. "ಇದು ಚನ್ನಕ್ಕಂದ್ರಿ ಸರ. ಆಕೀನ್ನ ಎಷ್ಟನೇ ಮಾಡೆಲ್‌ನ್ಯಾಗ ವಾಪಸ್ ತರ್ತೀರಿ?"

ಸಿದ್ಧಾರ್ಥ್ ಮುಖ ಅರಳಿಸಿ, "ಸೂಪರ್ ಇನ್‌ಸೈಟ್!" ಎನ್ನುತ್ತ ಅವಳ ಪ್ರಶ್ನೆಯನ್ನು ಹಳದಿ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ.