ಐಸಿನ ಮೇಲೆ ನಾಲ್ಕಾಣೆ

ಹಿತುಕಿದ ಅವರೆಬೇಳೆಯನ್ನು ಬೈರಮ್ಮ ಹಳೆಯ ಸೀರೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಮೆಲ್ಲಗೆ ಒತ್ತಿ ಒತ್ತಿ ಒರೆಸುತ್ತಿದ್ದಳು. ಪೀಣ್ಯದ ಹೊಲದ ಕೊನೆಯ ಬೆಳೆ ಅದು. ಬರುವ ತಿಂಗಳು ಅಲ್ಲಿ ಕಾರ್ಖಾನೆಯವರು ಬೇಲಿ ಹಾಕುವವರಿದ್ದರು.

"ಮಗು ಮೈ ಒರೆಸ್ದಂಗೆ ಒರೆಸ್ತೀರಲ್ಲ ಅತ್ತೆ," ಎಂದಳು ಪಕ್ಕದಲ್ಲಿ ಕೂತು ಹಿತುಕುತ್ತಿದ್ದ ಸೊಸೆ ಪ್ರಭಾ.

"ಮೊದಲ್ನೇ ಕೊಯ್ಲಿಂದು ಒದ್ದೇಲೇ ಫ್ರಿಜ್ಜಲ್ಲಿಟ್ಟು ಕಲ್ಲಾಗ್ಲಿಲ್ವಾ? ಕರೆಂಟ್ ಓಗಿ ಕರಗ್ತು, ಬಂದಮೇಲೆ ಮತ್ತೆ ಗಟ್ಟಿಯಾಯ್ತು. ಒಲೆ ಮೇಲಿಟ್ಟಾಗ ತಾನೆ ವಾಸ್ನೆ ಗೊತ್ತಾಗಿದ್ದು."

ಆ ಅವರೆ ಮಗಳು ಸೀತೆಗಾಗಿ. 'ಹೊಲ ಕೊಡುವ ಮುಂಚೆ ನಿನಗೊಂದು ಮಾತು ತಿಳಿಸುತ್ತೇನೆ' ಎಂದು ಅವಳಿಗೆ ಹೇಳಿದ್ದ ಬೈರಮ್ಮ ತಿಳಿಸಿರಲಿಲ್ಲ. ದೀಪಾವಳಿಗೆ ಭದ್ರಾವತಿಯಿಂದ ಬಂದ ಸೀತೆ ಸುದ್ದಿ ಕೇಳಿ ಎಲೆಯ ಮುಂದಿನಿಂದ ಎದ್ದು ಹೋಗಿದ್ದಳು. ಅವಳ ಮಕ್ಕಳಿಗೆ ರಜೆ ಸಿಗುವುದು ಬೇಸಿಗೆಯಲ್ಲಿ. ಆಗ ಅವರೆ ಎಲ್ಲಿಯದು? 'ನಮ್ಮ ಹೊಲದ ಅವರೆ ಇಟ್ಟಿದ್ದೇನೆ, ಬಾ' ಎಂದು ಪ್ರಭಾಳಿಂದ ಬರೆಸಿದ ಇನ್‌ಲ್ಯಾಂಡ್ ಕಾಗದ ದೇವರ ಪಟದ ಹಿಂದೆ ಕೂತಿತ್ತು.

"ಒಂದ್ಸಲ ಮಾತು ತಪ್ಪಿವ್ನಿ. ಇದು ಕೆಡಾಕಿಲ್ಲ ಅಂತ ಗೊತ್ತಾಗ್ಲಿ, ಆಮೇಲೆ ಆಕಾನ."

ಕಾಳನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ರೀಜರಿನಲ್ಲಿಟ್ಟಳು. ಒಂದಕ್ಕೊಂದು ಅಂಟದೆ ಗಟ್ಟಿಯಾದ ಮೇಲೆ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಗಾಳಿ ಒತ್ತಿ ತೆಗೆದು, ಚಪ್ಪಟೆ ಮಾಡಿ ಬಾಯಿ ಕಟ್ಟಿದಳು. ಪಕ್ಕದಲ್ಲಿ ಒಂದು ಲೋಟದ ನೀರು ಐಸಾಗಲು ಬಿಟ್ಟು, ಆದಮೇಲೆ ಅದರ ಮೇಲೊಂದು ನಾಲ್ಕಾಣೆ ಇಟ್ಟಳು.

"ಫ್ರಿಜ್ಜಿಗೂ ಕಾಣಿಕೇನಾ ಅವ್ವ?" ಎಂದ, ಫ್ಯಾಕ್ಟರಿಯಿಂದ ಬಂದ ಮಗ ರಾಮಯ್ಯ.

"ಕಾವಲು ಕಣೋ. ಐಸು ಕರಗಿದ್ರೆ ನಾಲ್ಕಾಣೆ ಮುಳುಗ್ತದೆ. ಮತ್ತೆ ಗಟ್ಟಿಯಾದ್ರೂ ಮೇಲಕ್ಕೆ ಬರಾಕಿಲ್ಲ."

ರಾಮಯ್ಯನ ನಗು ನಿಂತಿತು. ಪ್ರಭಾ ಲೋಟವನ್ನು ನೋಡಿದಳು, ಆಮೇಲೆ ಅತ್ತೆಯ ಮುಖವನ್ನು.

ಯುಗಾದಿ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಬರಲಿಲ್ಲ. ಬೈರಮ್ಮ ಫ್ರಿಜ್ಜಿಗೆ ಕಂಬಳಿ ಹೊದಿಸಿ, ಬಾಗಿಲಿಗೆ ಅಡ್ಡವಾಗಿ ಮಣೆ ಹಾಕಿ ಕೂತಳು. ಎದುರುಮನೆಯ ಕೃಷ್ಣಮ್ಮ ತಣ್ಣೀರಿಗೆಂದು ಚೊಂಬು ಹಿಡಿದು ಬಂದಳು.

"ಇದೇನು ಬೈರಕ್ಕ, ಫ್ರಿಜ್ಜಿಗೆ ಚಳಿಜ್ವರವಾ?"

"ಊಂ. ಬಾಗ್ಲು ತೆಗೆದ್ರೆ ಏರ್ತದೆ. ಮಡಕೆ ನೀರು ಕುಡ್ಕೊಂಡೋಗು."

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಪ್ರಭಾಗೆ ಆಗಲೇ ನೋಡುವ ತವಕ. ಬೈರಮ್ಮ ಕಂಬಳಿ ತೆಗೆದು ಮಡಿಸಿದಳೇ ಹೊರತು ಬಾಗಿಲು ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ಲೋಟ ತೆಗೆದಾಗ ನಾಲ್ಕಾಣೆ ಮೇಲೆಯೇ ಇತ್ತು. ಚೀಲ ಕುಲುಕಿದರೆ ಕಾಳುಗಳು ಬಿಡಿಬಿಡಿಯಾಗಿ ಸದ್ದು ಮಾಡಿದವು. ಒಂದು ಹಿಡಿ ಬೇಯಿಸಿ ಸೊಸೆಯ ಕೈಗೆ ಹಾಕಿದಳು.

"ಸೊಗಡು ಐತಾ?"

"ಹೊಲದಲ್ಲಿ ನಿಂತಂಗೈತೆ ಅತ್ತೆ."

ಬೈರಮ್ಮ ದೇವರ ಪಟದ ಹಿಂದೆ ಕೈ ಹಾಕಿದಳು. ಕಾಗದವನ್ನು ಯಾರ ಕೈಗೂ ಕೊಡದೆ, ಬಾಗಲಗುಂಟೆಯ ಬಸ್ ಸ್ಟಾಪಿನವರೆಗೆ ತಾನೇ ನಡೆದು ಕೆಂಪು ಡಬ್ಬಕ್ಕೆ ಹಾಕಿದಳು. ಬಿದ್ದ ಸದ್ದು ಕೇಳಿಸಲಿಲ್ಲ. ಡಬ್ಬವನ್ನು ಮೆಲ್ಲಗೆ ತಟ್ಟಿ, ಕಿವಿಯಿಟ್ಟು ನಿಂತಳು.